ರಾಕ್ಷಸರು ನಮಸ್ಕಾರ ಮಾಡಿದ ಆಟ

ಅಮ್ಮ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಗ್ಯಾಸ್ ಸಿಲಿಂಡರ್ ಯಾವತ್ತು ಬಂತು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಪಂಕ್ತಿಯಿಂದ ಎದ್ದರು, ನನಗೆ ಸೀತಾಳೆ ಸಿಡುಬು ಎದ್ದದ್ದು ಎರಡನೇ ಕ್ಲಾಸಿನಲ್ಲೋ ಮೂರನೆಯದರಲ್ಲೋ, ಇಂಥ ಯಾವ ವಿಷಯದಲ್ಲೂ ಅವಳು ಹೇಳಿದ ಮೇಲೆ ಚರ್ಚೆ ಇಲ್ಲ. ದಿನಾಂಕ, ಸಂಖ್ಯೆಗಳನ್ನು ಹಿಡಿದಿಟ್ಟುಕೊಳ್ಳುವ ನನ್ನ ಚಟ ಅವಳಿಂದಲೇ ಬಂದದ್ದು. ನಾನು ಡೈರಿಯಲ್ಲಿ ಬರೆದಿಡುವುದನ್ನು ಅವಳು ತಲೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಇಂಥ ಅಮ್ಮನನ್ನು ನಮ್ಮ ಕುಟುಂಬದಲ್ಲಿ ಯಾರೂ ನಂಬದ ವಿಷಯ ಒಂದೇ ಒಂದಿತ್ತು. ಅದು ದೊಣ್ಣೆ ಗೇಮ್.

ತೊಂಬತ್ತರ ದಶಕದಲ್ಲಿ ಮಾಮ, ಎಂದರೆ ಅಮ್ಮನ ಅಣ್ಣ, ವಿಜಯನಗರದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಹತ್ತಡಿ ಅಗಲದ ಮಳಿಗೆ, ಆಳೆತ್ತರದ ಆರು ಪೆಟ್ಟಿಗೆಗಳು, ಒಂದು ರೂಪಾಯಿ ಕೊಟ್ಟರೆ ಒಂದು ಹಿತ್ತಾಳೆ ಟೋಕನ್. ಟೋಕನ್ನಿಗೆ ದಾರ ಕಟ್ಟಿ ಒಳಗೆ ಬಿಟ್ಟು ಮತ್ತೆ ಮೇಲಕ್ಕೆಳೆಯುವ ಹುಡುಗರು, ಅಡುಗೆಮನೆಯ ಗ್ಯಾಸ್ ಲೈಟರ್ ತಂದು ಟೋಕನ್ ಕಿಂಡಿಯ ಹತ್ತಿರ ಚಟಕ್ ಎನ್ನಿಸಿ ಪುಕ್ಕಟೆ ಆಟ ಗಿಟ್ಟಿಸುವ ಹುಡುಗರು, ಇವರನ್ನು ಹಿಡಿಯುವುದೇ ಮಾಮನ ಮುಖ್ಯ ಕೆಲಸ. ತಾವು ಮಾತ್ರ ಒಂದು ಸಲವೂ ಆಡಿದವರಲ್ಲ. ಅಂಗಡಿಯವನೇ ಆಡಲು ನಿಂತರೆ ಗಿರಾಕಿ ಬೆನ್ನ ಹಿಂದೆ ನಿಂತು ನೋಡುತ್ತಾನೆ, ಟೋಕನ್ ಕೊಳ್ಳುವುದಿಲ್ಲ ಎನ್ನುವುದು ಅವರ ಸಿದ್ಧಾಂತ.

ಮಧ್ಯಾಹ್ನ ಊಟಕ್ಕೆ ಹೋಗುವಾಗ ಶಟರ್ ಅರ್ಧ ಎಳೆದು, ಕಾಲೇಜಿನಿಂದ ಬಂದ ತಂಗಿಯನ್ನು ಒಳಗೆ ಕಾವಲಿಗೆ ಕೂರಿಸಿ ಹೋಗುತ್ತಿದ್ದರು. ಆಗ ನಮ್ಮ ಕಡೆ ಹೆಣ್ಣುಮಕ್ಕಳು ಅಂಥ ಅಂಗಡಿಗಳ ಕಡೆ ಕತ್ತೆತ್ತಿಯೂ ನೋಡುತ್ತಿರಲಿಲ್ಲವಂತೆ. ಅಮ್ಮ ಆ ಅರ್ಧ ಶಟರಿನ ಹಿಂದೆ ಆಡಿದಳು. ಬೇರೆ ಐದು ಪೆಟ್ಟಿಗೆಗಳು ಅವಳಿಗೆ ಬೇಕಿರಲಿಲ್ಲ. ಸೇತುವೆಯ ಮೇಲೆ ಜುಟ್ಟಿನವನೊಬ್ಬ ದೊಣ್ಣೆ ಹಿಡಿದು ನಡೆಯುತ್ತಾನೆ, ಎರಡೂ ಕಡೆಯಿಂದ ರಾಕ್ಷಸರು ಬರುತ್ತಾರೆ, ಅಷ್ಟೇ ಆಟ. ಅದನ್ನು ಒಂದು ಮಧ್ಯಾಹ್ನ ಕೊನೆಯವರೆಗೂ ಆಡಿ ಮುಗಿಸಿದೆ ಎನ್ನುವುದು ಅವಳ ಮಾತು. ಮುಗಿದ ಮೇಲೆ, ಅವಳ ಕೈಯಲ್ಲಿ ಹೊಡೆತ ತಿಂದ ರಾಕ್ಷಸರೆಲ್ಲ ಸಾಲಾಗಿ ಬಂದು ಒಬ್ಬೊಬ್ಬರೇ ಬಾಗಿ ನಮಸ್ಕಾರ ಮಾಡಿದರಂತೆ. ಗೆದ್ದವರ ಪಟ್ಟಿಯ ಮೇಲ್ತುದಿಯಲ್ಲಿ ಮೂರು ಅಕ್ಷರ ಬರೆಯಲು ಜಾಗ ಬಂತಂತೆ, ಬರೆದಳಂತೆ. ಮಾಮ ಮಜ್ಜಿಗೆ ಅನ್ನ ಉಂಡು ವಾಪಸ್ ಬರುವ ಮೊದಲೇ ಕರೆಂಟ್ ಹೋಯಿತು. ಮತ್ತೆ ಬಂದಾಗ ಪೆಟ್ಟಿಗೆ ಎಲ್ಲವನ್ನೂ ಮರೆತು ಹೊಸದಾಗಿ ಶುರುವಾಗಿತ್ತು.

ಅಂದಿನಿಂದ ಇದು ಕುಟುಂಬದ ಖಾಯಂ ತಮಾಷೆ. ಗೃಹಪ್ರವೇಶವಾಗಲಿ, ಸೀಮಂತವಾಗಲಿ, ಎಲೆ ಮುಂದೆ ಕೂತ ಕೂಡಲೇ ಮಾಮ ಶುರು ಮಾಡುತ್ತಿದ್ದರು: ನಮ್ ಟೀಚರಮ್ಮಂಗೆ ರಾಕ್ಷಸರು ಬಂದು ನಮಸ್ಕಾರ ಮಾಡಿದ್ರಂತೆ, ಹೊಡೆತ ತಿಂದೋರು ಥ್ಯಾಂಕ್ಸ್ ಹೇಳ್ಬಿಟ್ಟು ಹೋದ್ರಂತೆ. ಎಲ್ಲರೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಆದರೆ ಅವಳು ಹೋಳಿಗೆ ಬೇಡ ಎಂದ ದಿನಗಳೆಲ್ಲ ಆ ತಮಾಷೆ ನಡೆದ ದಿನಗಳೇ ಎಂದು ನಾನು ಗಮನಿಸಿದ್ದೆ.

ಈಗ ಅದೇ ಮಳಿಗೆಯಲ್ಲಿ ಮಾಮನ ಜೆರಾಕ್ಸ್ ಅಂಗಡಿ ಇದೆ. ಆರು ಪೆಟ್ಟಿಗೆಗಳಲ್ಲಿ ಉಳಿದದ್ದು ಒಂದು, ದೊಣ್ಣೆ ಗೇಮಿನದ್ದೇ. ಯಾರೂ ಕೊಳ್ಳಲಿಲ್ಲವೆಂದು ಉಳಿಯಿತು. ಒಳಗಿನ ಸರ್ಕಿಟ್ ಬೋರ್ಡ್ ಮಾತ್ರ ಎಂದೋ ಗುಜರಿಗೆ ಹೋಗಿತ್ತು. ಪೆಟ್ಟಿಗೆಯ ತಲೆ ಮೇಲೆ ಕಾಗದದ ಬಂಡಲು ಪೇರಿಸಿರುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಬಂಡಲುಗಳನ್ನು ಇಳಿಸಿ, ಒರೆಸಿ, ಸತ್ತ ಪರದೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು ಚೆಂಡು ಹೂವಿನ ಹಾರ ಹಾಕುತ್ತಿದ್ದರು. ಅನ್ನ ಹಾಕಿದ ಪೆಟ್ಟಿಗೆ ಎನ್ನುತ್ತಿದ್ದರು.

ಈ ವರ್ಷ ಗಣೇಶನ ಹಬ್ಬ ಮುಗಿದ ವಾರ ಮಾಮನಿಗೆ ಆ ಪೆಟ್ಟಿಗೆಗೆ ಜೀವ ಕೊಡುವ ಹುಮ್ಮಸ್ಸು ಬಂತು. ಹೊಸ ಪರದೆ ಕೂರಿಸಿದರು, ಬಟನ್‌ಗಳನ್ನು ಬದಲಿಸಿದರು. ಎಸ್.ಪಿ. ರಸ್ತೆಯಿಂದ ಅಂಗೈಯಗಲದ ಕಂಪ್ಯೂಟರನ್ನೂ ಹಳೇ ಗೇಮ್‌ಗಳು ತುಂಬಿದ ಹಾರ್ಡ್ ಡಿಸ್ಕನ್ನೂ ತಂದರು. ಆಯುಧಪೂಜೆಯ ಹೊತ್ತಿಗೆ ಓಡಬೇಕು, ಅವತ್ತು ತಂಗಿಯನ್ನು ಪೆಟ್ಟಿಗೆ ಮುಂದೆ ನಿಲ್ಲಿಸುತ್ತೇನೆ, ರಾಕ್ಷಸರು ನಮಸ್ಕಾರ ಮಾಡಿದರೆ ಸರಿ, ಮಾಡದಿದ್ದರೆ ಇನ್ನು ಅವಳು ಆ ಮಾತು ಎತ್ತಕೂಡದು ಎಂದು ಷರತ್ತು ಹಾಕಿದರು. ಅಮ್ಮ ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ, ಆಗಲಿ ಎಂದಳು.

ಹಾರ್ಡ್ ಡಿಸ್ಕ್ ನನ್ನ ಪಾಲಿಗೆ ಬಂತು. ನಾನು ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವರದಿಗಳನ್ನು ಜೋಡಿಸಿಡುವ ಕೆಲಸ ಮಾಡುತ್ತೇನೆ, ಹಾಗಾಗಿ ಇದೂ ನನ್ನ ಕೆಲಸವೇ ಎಂದು ಎಲ್ಲರೂ ತೀರ್ಮಾನಿಸಿದರು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಅದನ್ನು ತೆರೆದಾಗ ಹತ್ತು ಸಾವಿರಕ್ಕೂ ಹೆಚ್ಚು ಗೇಮ್‌ಗಳು ಕಂಡವು. ಅವುಗಳಲ್ಲಿ ಅರ್ಧಕ್ಕರ್ಧ ಕಸ. ಓಡದೇ ಇರುವವು, ಜೂಜಿನ ಯಂತ್ರಗಳು, ಜಪಾನಿ ಭಾಷೆಯ ಕ್ವಿಜ್‌ಗಳು. ಸಾಲದ್ದಕ್ಕೆ ಒಂದೇ ಆಟದ ಹತ್ತು ಹನ್ನೆರಡು ರೂಪಗಳು.

ಇಂಥ ರಾಶಿಯನ್ನು ಸೋಸಲೆಂದೇ ಒಂದು ಸಾಫ್ಟ್‌ವೇರ್ ಇದೆ ಎಂದು ಹುಡುಕಿಕೊಂಡೆ. ಒಳ್ಳೆಯ ಜರಡಿಯಂಥ ಸಾಫ್ಟ್‌ವೇರ್. ಪ್ರತಿ ಗೇಮಿನ ಮುಂದೆ ಯಾವ ವರ್ಷದ್ದು, ಎಷ್ಟು ಜನ ಆಡಬಹುದು, ಎಷ್ಟು ಬಟನ್, ಓಡುತ್ತದೋ ಇಲ್ಲವೋ ಎಲ್ಲ ಬರೆದಿರುತ್ತದೆ. ನಮಗೆ ಬೇಡದ್ದಕ್ಕೆ ಒಂದೊಂದು ಟಿಕ್ ಹಾಕುತ್ತಾ ಹೋದರೆ ಉಳಿದವನ್ನು ಮಾತ್ರ ಬೇರೆ ಫೋಲ್ಡರಿಗೆ ನಕಲು ಮಾಡಿಕೊಡುತ್ತದೆ. ಒಂದು ಗೇಮಿನ ಮೂಲ ರೂಪವನ್ನು ಅದು ತಾಯಿ ಎಂದು ಲೆಕ್ಕ ಹಾಕುತ್ತದೆ. ಅದರಿಂದ ಹುಟ್ಟಿದ ಬೇರೆ ರೂಪಗಳೆಲ್ಲ ಮರಿಗಳು. ಮರಿಗಳು ಬೇಡ, ಟಿಕ್. ಕಳ್ಳ ಪ್ರತಿಗಳು ಬೇಡ, ಟಿಕ್. ಜೂಜು ಬೇಡ, ಟಿಕ್. ಒಂದೊಂದು ಟಿಕ್ಕಿಗೂ ಎಷ್ಟು ಗೇಮ್ ಕಡಿಮೆಯಾದವೆಂದು ಡೈರಿಯಲ್ಲಿ ಬರೆದು ಗೀಟು ಎಳೆದೆ. ಮನೆಯ ಅಟ್ಟ ಖಾಲಿ ಮಾಡಿದಷ್ಟು ಹಾಯೆನಿಸಿತು. ಕೊನೆಗೆ ಒಂದೂವರೆ ಸಾವಿರದಷ್ಟು ಉಳಿದವು, ಒಂದೊಂದು ಆಟಕ್ಕೆ ಒಂದೇ ಪ್ರತಿ, ಎಲ್ಲವೂ ಅಚ್ಚುಕಟ್ಟು.

ಆದರೆ ದೊಣ್ಣೆ ಗೇಮ್ ಎಂಬ ಹೆಸರಿನದು ಯಾವುದೂ ಇರಲಿಲ್ಲ. ಇರುವುದಾದರೂ ಹೇಗೆ? ಆ ಅಂಗಡಿಗೆ ಬರುತ್ತಿದ್ದ ಹುಡುಗರು ಪರದೆಯ ಮೇಲಿನ ಹೆಸರನ್ನು ಎಂದೂ ಓದಿದವರಲ್ಲ. ಕೋಳಿ ಗೇಮ್, ಗುಳ್ಳೆ ಗೇಮ್, ಅಳೋ ಹುಡುಗನ ಗೇಮ್, ಹೀಗೆ ಕಂಡದ್ದೇ ಹೆಸರು. ಅಮ್ಮನಿಗೆ ನೆನಪಿದ್ದದ್ದು ಸೇತುವೆ, ಜುಟ್ಟು, ಹಸಿರು ಚಂದ್ರ. ಚಂದ್ರನನ್ನು ಸೋಸುವ ಟಿಕ್ ಆ ಸಾಫ್ಟ್‌ವೇರಿನಲ್ಲಿರಲಿಲ್ಲ.

ಬಟನ್ ಲೆಕ್ಕದಿಂದ ಹುಡುಕೋಣ ಎಂದುಕೊಂಡೆ. ಪೆಟ್ಟಿಗೆಯ ಮೇಲೆ ಮೂರು ಬಟನ್ ಇದ್ದವು. ಮೂರು ಬಟನ್ನಿನ ಹೊಡೆದಾಟದ ಗೇಮ್‌ಗಳನ್ನು ಬೇರೆ ಮಾಡಿ, ಒಂದೊಂದರ ಫೋಟೋವನ್ನು ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಪಕ್ಕದ ಕೋಣೆಯಿಂದ ಉತ್ತರ ಬರುತ್ತಿತ್ತು: ಅಲ್ಲ, ಅಲ್ಲ, ಅಲ್ಲ, ಇದು ಯಾವ ಕೋತಿ, ಅಲ್ಲ. ಮುಗಿದೇ ಹೋದವು. ಮಾಮನಿಗೆ ಫೋನ್ ಮಾಡಿ ಕೇಳಿದಾಗ ಅವರು ನಕ್ಕರು.

"ಮೂರ್ನೇದಕ್ಕೆ ವೈರೇ ಇಲ್ಲ ಕಣೇ. ಸುಮ್ನೆ ಚೆಂದಕ್ಕೆ ಹಾಕ್ಸಿದ್ದು. ಹುಡುಗ್ರು ಅದನ್ನೂ ಒತ್ತೋರು, ಪವರ್ ಬರತ್ತೆ ಅಂತ."

ಎರಡು ಬಟನ್ ಎಂದು ಬದಲಿಸಿದೆ. ಎರಡನೇ ದಿನ ಸಂಜೆ ಅಮ್ಮ ಉತ್ತರ ಕಳಿಸದೆ ಎದ್ದು ಬಂದು ನನ್ನ ಹಿಂದೆ ನಿಂತಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಸೇತುವೆ, ಜುಟ್ಟಿನವನು, ಅವನ ಕೈಯಲ್ಲಿ ದೊಣ್ಣೆ. ಇವನೇ ಎಂದಳು. ಚಂದ್ರ ಬಿಳಿಯಾಗಿದ್ದ. ಪೆಟ್ಟಿಗೆಯ ಹಳೇ ಪರದೆಯ ಬಣ್ಣ ಕೆಟ್ಟಿದ್ದಿರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಆಯುಧಪೂಜೆಗೆ ಮುಂಚಿನ ಭಾನುವಾರ ವಿಜಯನಗರಕ್ಕೆ ಹೋಗಿ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಕೂರಿಸಿದೆ. ಮಾಮ ಕೈ ಕಟ್ಟಿ ನಿಂತರು. ಅಮ್ಮ ಕನ್ನಡಕ ಸರಿಮಾಡಿಕೊಂಡು ಜಾಯ್‌ಸ್ಟಿಕ್ ಹಿಡಿದಳು. ಎರಡೂ ಕಡೆಯಿಂದ ರಾಕ್ಷಸರು ಬಂದಾಗ ಅವಳು ಜಾಯ್‌ಸ್ಟಿಕ್ಕನ್ನು ಕೆಳಗೆಳೆದು ಕೆಂಪು ಬಟನ್ ಒತ್ತಿದಳು. ಜುಟ್ಟಿನವನು ಕುಕ್ಕರುಗಾಲಲ್ಲಿ ಕೂತ. ರಾಕ್ಷಸರು ಅವನನ್ನು ಸಮಾಧಾನವಾಗಿ ಚಚ್ಚಿದರು. ಮತ್ತೆ ಶುರು ಮಾಡಿದಳು. ಅದೇ ಜಾಗ, ಅದೇ ಕೈ, ಅದೇ ಕುಕ್ಕರುಗಾಲು. ಮೂರನೇ ಸಲವೂ ಅಷ್ಟೇ.

"ಕೂತ್ಕೊಂಡು ಏನ್ ಮಾಡ್ತಿದಾನೆ ಅವನು, ಅಕ್ಕಿ ಆರಿಸ್ತಿದಾನಾ?" ಎಂದರು ಮಾಮ.

ಜೆರಾಕ್ಸಿಗೆ ಬಂದವರೂ ನಕ್ಕರು. ಕೆಳಗೆಳೆದು ಕೆಂಪು ಒತ್ತಿದರೆ ದೊಣ್ಣೆ ಎರಡೂ ಕಡೆ ತಿರುಗಬೇಕು, ಹಾಗೇ ಆಡುತ್ತಿದ್ದದ್ದು ಎಂದು ಅಮ್ಮ ಹೇಳಿ ನೋಡಿದಳು. ಮಾಮ, ಇನ್ನು ದೊಣ್ಣೆಯಿಂದ ಹೂವೂ ಉದುರ್ತಿತ್ತು ಅನ್ನು ಎಂದರು. ಬುಧವಾರ ಆಯುಧಪೂಜೆ, ಇನ್ನೊಂದು ಸಲ ಅವಕಾಶ, ಆಮೇಲೆ ಷರತ್ತು ಷರತ್ತೇ ಎಂದು ನೆನಪಿಸಿದರು.

ಸ್ಕೂಟರಿನಲ್ಲಿ ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ನಿಂತಾಗ ಅಮ್ಮ ಹಿಂದಿನಿಂದ ಹೇಳಿದಳು: "ನಾನೇ ಕಲ್ಪಿಸ್ಕೊಂಡ್ನೇನೋ ಕಣೇ. ಇಷ್ಟ್ ವರ್ಷ ಹೇಳಿ ಹೇಳಿ ನಿಜ ಅನ್ಕೊಂಡ್ಬಿಟ್ನೇನೋ."

ಅಮ್ಮನ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಮಾಮ ನಗುವುದು ಬೇರೆ, ಅವಳಿಗೇ ಅವಳ ಲೆಕ್ಕದ ಮೇಲೆ ಅನುಮಾನ ಬರುವುದು ಬೇರೆ.

ನನಗೆ ಅವಳ ಕೈಯದೇ ಯೋಚನೆಯಾಯಿತು. ಮಾತು ಬೇಕಾದರೆ ವರ್ಷಗಳಲ್ಲಿ ಬೆಳೆಯಬಹುದು. ಆದರೆ ಮೂರು ಸಲವೂ ಅವಳ ಮಣಿಕಟ್ಟು ಒಂದು ಚೂರೂ ಅನುಮಾನಿಸದೆ ಒಂದೇ ಥರ ತಿರುಗಿತ್ತು. ಕಲ್ಪಿಸಿಕೊಂಡದ್ದು ಬೆರಳಿಗೆ ಹೇಗೆ ಬರುತ್ತದೆ? ಮಾರನೆಯ ದಿನ ಕೆಲಸ ಮುಗಿಸಿ ಬಂದು ಸಾಫ್ಟ್‌ವೇರನ್ನು ಮತ್ತೆ ತೆರೆದು ಆ ಗೇಮಿನ ಸಾಲನ್ನು ಪೂರ್ತಿ ಓದಿದೆ. ತುದಿಯಲ್ಲಿ ಬರೆದಿತ್ತು: ಮರಿಗಳು ಹನ್ನೊಂದು. ಅವುಗಳಲ್ಲಿ ಒಂಬತ್ತು ಕಳ್ಳ ಪ್ರತಿಗಳು, ಎಂದರೆ ನಕಲು ಮಾಡಿದವರು ಬಣ್ಣವನ್ನೋ ಏಟನ್ನೋ ತಮಗೆ ತೋಚಿದಂತೆ ತಿದ್ದಿದವು. ನನ್ನ ಟಿಕ್ಕುಗಳು ಹನ್ನೊಂದನ್ನೂ ಎತ್ತಿ ಹೊರಗೆ ಹಾಕಿದ್ದವು.

ಮಾಮನಿಗೆ ಫೋನ್ ಮಾಡಿ, ಆಗ ಅಂಗಡಿಯಲ್ಲಿದ್ದ ಬೋರ್ಡುಗಳು ಒರಿಜಿನಲ್ಲಾ ಎಂದು ಕೇಳಿದೆ.

"ಒರಿಜಿನಲ್ ತರೋಷ್ಟು ಇದ್ದಿದ್ರೆ ಗೇಮ್ ಅಂಗಡಿ ಯಾಕೆ ಇಡ್ತಿದ್ದೆ, ಥಿಯೇಟರ್ ಕಟ್ತಿದ್ದೆ," ಎಂದರು. ಮದ್ರಾಸಿನಿಂದ ಒಬ್ಬ ಚೀಲದಲ್ಲಿ ಪೇಪರ್ ಸುತ್ತಿಕೊಂಡು ತರುತ್ತಿದ್ದನಂತೆ. ಆರಕ್ಕೆ ಆರೂ ಕಳ್ಳ ಮಾಲು. ಇಡೀ ಬೆಂಗಳೂರಲ್ಲಿ ಒರಿಜಿನಲ್ ನೋಡಿದವನು ಯಾರಾದರೂ ಇದ್ದರೆ ಕರೆದುಕೊಂಡು ಬಾ ಎಂದರು.

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಇಡೀ ಸಂಗ್ರಹದಲ್ಲಿ ನಮ್ಮ ವಿಜಯನಗರದ ಅಂಗಡಿ ಎಲ್ಲಾದರೂ ಇದ್ದರೆ ಅದು ಆ ಕಳ್ಳ ಪ್ರತಿಗಳಲ್ಲಿ. ನಾನು ಅತ್ಯಂತ ಹೆಮ್ಮೆಯಿಂದ ಹಾಕಿದ ಟಿಕ್ ಆ ಅಂಗಡಿಯನ್ನೇ ಗುಡಿಸಿ ಹಾಕಿತ್ತು. ಎರಡು ಟಿಕ್ ತೆಗೆದೆ. ಹನ್ನೊಂದು ಮರಿಗಳೂ ವಾಪಸ್ ಬಂದು ತಾಯಿಯ ಕೆಳಗೆ ಸಾಲಾಗಿ ಕೂತವು.

ಅಮ್ಮನಿಗೆ ಮೊದಲೇ ಹೇಳಿ ಆಸೆ ಹುಟ್ಟಿಸುವುದು ಬೇಡವೆಂದು ಸುಮ್ಮನಿದ್ದೆ. ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಪೂಜೆಯಾಯಿತು. ಜೆರಾಕ್ಸ್ ಮೆಷಿನ್ನಿಗೆ, ಪೇಪರ್ ಕಟರಿಗೆ, ಸ್ಟೇಪ್ಲರಿಗೂ ಕುಂಕುಮ. ಪೆಟ್ಟಿಗೆಗೆ ವಿಭೂತಿ, ಹಾರ, ಕಾಲಿನ ಹತ್ತಿರ ನಿಂಬೆಹಣ್ಣು. ಪಕ್ಕದ ಟೈಲರ್ ಆಂಟಿ ತಮ್ಮ ಹೊಲಿಗೆ ಯಂತ್ರದ ಪೂಜೆ ಮುಗಿಸಿ, ಕಡ್ಲೆಪುರಿ ಪೊಟ್ಟಣ ಹಂಚಲು ಬಂದವರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಇದೇ ಆಟದ ಬೇರೆ ರೂಪಗಳಿವೆ, ಒಂದೊಂದೇ ಹಾಕುತ್ತೇನೆ, ಯಾವುದೆಂದು ಅಮ್ಮ ಹೇಳಲಿ ಎಂದೆ. ಮಾಮ ಇದು ವಧುಪರೀಕ್ಷೆ ಇದ್ದ ಹಾಗಿದೆ ಎಂದರು, ಆದರೆ ತಡೆಯಲಿಲ್ಲ.

ಮೊದಲನೆಯದರಲ್ಲಿ ಜುಟ್ಟಿನವನು ಜೇನುಹುಳ ಬೆನ್ನು ಹತ್ತಿದವನಂತೆ ಓಡುತ್ತಿದ್ದ. ಅಲ್ಲ. ಎರಡನೆಯದರಲ್ಲಿ ಸೇತುವೆಯೇ ಇಲ್ಲ, ಅವನು ಗಾಳಿಯಲ್ಲಿ ನಡೆಯುತ್ತಿದ್ದ. ಅಲ್ಲ. ಇನ್ನೊಂದರಲ್ಲಿ ರಾಕ್ಷಸರೆಲ್ಲ ಗುಲಾಬಿ. ಆಂಟಿಗೆ ಅದು ಚೆನ್ನಾಗಿ ಕಂಡಿತು, ಇದೇ ಇಟ್ಕೊಳ್ಳಿ ಎಂದರು. ಅಮ್ಮ ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಾ ತರಗತಿಯಲ್ಲಿ ತಪ್ಪು ಉತ್ತರ ಕೇಳಿದವಳ ಹಾಗೆ ತಲೆಯಾಡಿಸುತ್ತಿದ್ದಳು. ಏಳನೆಯದು ಶುರುವಾಯಿತು. ಸೇತುವೆಯ ಮೇಲೆ ಚಂದ್ರ ಎದ್ದ. ಎಳೆ ಬಾಳೆಲೆಯಷ್ಟು ಹಸಿರು.

ಅಮ್ಮ ಕಡ್ಲೆಪುರಿ ತಿನ್ನುವುದನ್ನು ನಿಲ್ಲಿಸಿದಳು. ಪೊಟ್ಟಣವನ್ನು ಆಂಟಿಯ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಪೆಟ್ಟಿಗೆ ಮುಂದೆ ನಿಂತಳು. ಎರಡೂ ಕಡೆಯಿಂದ ರಾಕ್ಷಸರು ಬಂದರು. ಕೆಳಗೆಳೆದಳು, ಕೆಂಪು ಒತ್ತಿದಳು. ದೊಣ್ಣೆ ಫ್ಯಾನಿನ ರೆಕ್ಕೆಯಂತೆ ಎರಡೂ ಕಡೆ ತಿರುಗಿತು. ನಾಲ್ಕು ಜನ ಒಟ್ಟಿಗೆ ಸೇತುವೆಯಿಂದ ಕೆಳಗೆ ಬಿದ್ದರು.

ಮಾಮ ಕಟ್ಟಿದ್ದ ಕೈ ಬಿಚ್ಚಿದರು.

ಅಷ್ಟಾದರೂ ಅವಳು ಒಂದೇ ಸಲಕ್ಕೆ ಗೆಲ್ಲಲಿಲ್ಲ. ಅಭ್ಯಾಸ ತಪ್ಪಿತ್ತು, ಕನ್ನಡಕ ಜಾರುತ್ತಿತ್ತು. ಎರಡನೇ ಹಂತದಲ್ಲಿ ಸೋತಳು, ಆಮೇಲೆ ನಾಲ್ಕನೆಯದರಲ್ಲಿ ಸೋತಳು. ಮಾಮ ಗಲ್ಲಾದ ಮೂಲೆಯಿಂದ ಹಳೇ ಹಿತ್ತಾಳೆ ಟೋಕನ್‌ಗಳ ಡಬ್ಬಿ ತಂದು, ಅವಳು ಸೋತಾಗಲೆಲ್ಲ ತಾವೇ ಒಂದೊಂದು ಹಾಕತೊಡಗಿದರು. ಯಾವ ಹೊತ್ತಿಗೆ ಅವರು ಪಕ್ಷ ಬದಲಿಸಿದರೋ ಗೊತ್ತಿಲ್ಲ. ಹಿಂದೆ ನೋಡು, ಹಿಂದೆ, ಲೇ ಬಗ್ಗು ಎಂದು ಅವಳ ಭುಜದ ಹಿಂದೆ ನಿಂತು ಹೇಳುತ್ತಿದ್ದರು. ಒಂದು ಸಲ ಉತ್ಸಾಹದಲ್ಲಿ ತಾವೇ ವೈರಿಲ್ಲದ ಮೂರನೇ ಬಟನ್ ಒತ್ತಿದರು. ಕೊನೆಯ ಹಂತ ಬಂದಾಗ, ಯಾರಾದರೂ ತಪ್ಪಿ ಸ್ವಿಚ್ ಆರಿಸಿಯಾರು ಎಂದು ಹೋಗಿ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದರು.

ದೊಡ್ಡ ರಾಕ್ಷಸ ಬಿದ್ದ. ಪರದೆ ಕಪ್ಪಾಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಡಗಡೆಯಿಂದ ಮೊದಲನೆಯವನು ನಡೆದು ಬಂದು, ನಮ್ಮ ಕಡೆ ತಿರುಗಿ, ಸೊಂಟದವರೆಗೆ ಬಾಗಿದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ.

ಆಂಟಿ ಅರ್ಧ ಎದ್ದು ತಾವೂ ಕೈ ಮುಗಿದರು.  ಪಟ್ಟಿಯಲ್ಲಿ ಮೂರು ಅಕ್ಷರಕ್ಕೆ ಜಾಗ ಬಂದಾಗ ಮಾಮ ಕೇಳಿದರು, ಅವತ್ತು ಏನು ಬರೆದಿದ್ದೆ ಎಂದು.

"ನಿನ್ ಹೆಸರೇ ಹಾಕಿದ್ದೆ ಅಣ್ಣ," ಎಂದಳು ಅಮ್ಮ. "ನಂದು ಹಾಕಿದ್ರೆ ಇದು ಯಾರು ಅಂತ ಹುಡುಗ್ರು ಕೇಳೋರು. ನಿಂಗೇ ಕಷ್ಟ ಆಗ್ತಿತ್ತು."

ಇಷ್ಟು ವರ್ಷದ ತಮಾಷೆಯಲ್ಲಿ ಈ ಭಾಗವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಮ ಸ್ವಿಚ್‌ಬೋರ್ಡಿನ ಹತ್ತಿರವೇ ನಿಂತಿದ್ದರು. "ಇವತ್ತು ನಿಂದೇ ಹಾಕು," ಎಂದರು. ಅಮ್ಮ ಜಾಯ್‌ಸ್ಟಿಕ್ ತಿರುಗಿಸಿ ತನ್ನ ಹೆಸರಿನ ಮೊದಲ ಮೂರು ಅಕ್ಷರಗಳನ್ನು ನಿಧಾನವಾಗಿ ಆರಿಸಿದಳು. ಆಟದ ಪಟ್ಟಿಯನ್ನು ಉಳಿಸಿಡುವಂತೆ ನಾನು ಮೊದಲೇ ಏರ್ಪಾಡು ಮಾಡಿದ್ದೆ. ಆದರೂ ಮಾಮನಿಗೆ ನಂಬಿಕೆ ಬರಲಿಲ್ಲ. ತಾವೇ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಹಾಕಿ ನೋಡಿದರು. ಅಕ್ಷರಗಳು ಮೇಲ್ತುದಿಯಲ್ಲೇ ಇದ್ದವು.

ದೀಪಾವಳಿ ಕಳೆದ ಮೇಲೆ ಕೆಂಗೇರಿಯಲ್ಲಿ ಬಂಧುಗಳ ಮನೆಯ ನಾಮಕರಣಕ್ಕೆ ಹೋಗಿದ್ದೆವು. ಎಲೆ ಹಾಕಿದ ಕೂಡಲೇ ಯಾರೋ ಅಭ್ಯಾಸಬಲದಿಂದ ಮಾಮನನ್ನು ಕೆಣಕಿದರು, ಏನು ನಿಮ್ಮ ತಂಗಿಯ ರಾಕ್ಷಸರು ಈಗಲೂ ನಮಸ್ಕಾರ ಮಾಡುತ್ತಾರಾ ಎಂದು. ಮಾಮ ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ಗಂಭೀರವಾಗಿ ಹೇಳಿದರು:

"ಹದಿನಾರು ಜನ. ನಾನೇ ಎಣಿಸಿದೀನಿ."

"ಹದಿನೇಳು," ಎಂದಳು ಅಮ್ಮ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾ. "ಸ್ವಿಚ್ ಹತ್ರ ನಿಂತಿದ್ಯಲ್ಲ, ಕೊನೇವ್ನು ನಿಂಗೆ ಕಾಣಿಸಿಲ್ಲ."

ಮಾಮ ಒಪ್ಪಿಕೊಂಡರು. ಪಂಕ್ತಿಯಲ್ಲಿ ಯಾರೂ ನಗಲಿಲ್ಲ, ಯಾರೂ ಮರುಪ್ರಶ್ನೆಯನ್ನೂ ಹಾಕಲಿಲ್ಲ. ಸಾರು ಬಂತು.